ಕೂಗಲಿಲ್ಲ ಅಂದ್ರೆ ಒಪ್ಪಿದ ಹಾಗಾ?

ಪ್ರಶ್ನೆ: ಮೇಲಧಿಕಾರಿ ಹೊಡೆಯಲಿಲ್ಲ. ‘ಕೆಲಸ ಹೋಗುತ್ತೆ’ ಎಂದು ಹೆದರಿಸಿ ಮೈಮೇಲೆ ಬಿದ್ದ. ನಾನು ಮರಗಟ್ಟಿಹೋದೆ, ಕೂಗಲಿಲ್ಲ. ಕಾನೂನು ಇದನ್ನು ಬಲವಂತ ಅನ್ನುತ್ತದಾ?

ಉತ್ತರ: ಮೊದಲು ಇಷ್ಟು ಕೇಳಿ, ತಪ್ಪು ನಿಮ್ಮದಲ್ಲ. ಭಯದಲ್ಲಿ ಎಷ್ಟೋ ಜನರ ಮೈ ಮರಗಟ್ಟುತ್ತದೆ. ಆದರೂ ಗಾಯ ಎಲ್ಲಿ, ಬಟ್ಟೆ ಹರಿದಿತ್ತಾ ಎಂದು ಕೇಳುವವರು ಇನ್ನೂ ಇದ್ದಾರೆ. ವಕೀಲಳಾಗಿ ನನಗೆ ತುಂಬಾ ಸಿಟ್ಟು ಬರುವುದು ಅಲ್ಲೇ. ಕಾನೂನು ಹಾಗೆ ಹೇಳುವುದಿಲ್ಲ. ಮೈಯಿಂದ ತಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅನ್ನುವಂತಿಲ್ಲ. ಭಾರತದಲ್ಲಿ 2013ರಿಂದ ಈ ಮಾತು ಸ್ಪಷ್ಟವಾಗಿ ಬರೆದಿದೆ. ಒಪ್ಪಿಗೆ ಅಂದರೆ ಅನುಮಾನವಿಲ್ಲದೆ, ಸ್ವಂತ ಇಷ್ಟದಿಂದ ಕೊಟ್ಟದ್ದು. ಸುಮ್ನೆ ಇದ್ದದ್ದು ಒಪ್ಪಿಗೆ ಹೇಗಾಗುತ್ತೆ, ಅಲ್ವಾ? ಸ್ವೀಡನ್ನಿನಲ್ಲೂ 2018ರಿಂದ ಅತ್ಯಾಚಾರ ಎನ್ನಲು ಹೊಡೆತ, ಬೆದರಿಕೆ ತೋರಿಸಲೇಬೇಕೆಂದಿಲ್ಲ. ಅಧಿಕಾರ ದುರ್ಬಳಕೆ ಮಾಡಿ ಲೈಂಗಿಕ ಸಂಪರ್ಕ ಮಾಡುವವರನ್ನು ಶಿಕ್ಷಿಸಲು ನಮ್ಮ ಈಗಿನ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 68ನೇ ಕಲಮೂ ಇದೆ. ಅವನ ಮೆಸೇಜುಗಳನ್ನು ಅಳಿಸಬೇಡಿ, ಬೇಗ ವಕೀಲರನ್ನು ನೋಡಿ.