85ರ ಮೀಟರ್‌ನಲ್ಲಿ 88 ಹೇಗೆ?

ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಡಿಲೋರಿಯನ್ ಕಾರಿನ ಸ್ಪೀಡ್ ಮೀಟರ್‌ನಲ್ಲಿ 85 ಮೈಲಿಯವರೆಗೆ ಮಾತ್ರ ಅಂಕಿ ಇತ್ತು, ಮತ್ತೆ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಲ್ಲಿ 88 ಮುಟ್ಟಿದ್ದು ಹೇಗೆ ಅಂತ ಅಲ್ವಾ? ಆ ಕಥೆಯಲ್ಲಿ ಈ ಕಾರೇ ಕಾಲಯಂತ್ರ, ಗಂಟೆಗೆ 88 ಮೈಲಿ ವೇಗ ಮುಟ್ಟಿದರೆ ಬೇರೆ ಕಾಲಕ್ಕೆ ಹಾರುತ್ತದೆ. ಕಾರು ಹೋಗಲ್ಲ ಅಂತಲ್ಲ. ಅಮೆರಿಕದಲ್ಲಿ ಆಗ ಒಂದು ನಿಯಮ ಇತ್ತು, ಮೀಟರ್‌ನಲ್ಲಿ 85ಕ್ಕಿಂತ ಜಾಸ್ತಿ ತೋರಿಸುವ ಹಾಗಿರಲಿಲ್ಲ. ಅದಕ್ಕೇ ಸಿನಿಮಾದವರು 95ರವರೆಗೆ ಅಂಕಿ ಇರುವ ಬೇರೆ ಮೀಟರ್ ಹಾಕಿಸಿದರು.

88 ಮೈಲಿ ಅಂದ್ರೆ ಗಂಟೆಗೆ ಸುಮಾರು 142 ಕಿ.ಮೀ. 130 ಕುದುರೆಶಕ್ತಿಯ ವಿ6 ಎಂಜಿನ್, ಅದೂ ಹಿಂದೆ. ನೋಡೋಕೆ ರಾಕೆಟ್ ಥರ ಇದ್ದರೂ ಓಟದಲ್ಲಿ ಅಂಥ ಶೂರನಲ್ಲ, ಆದರೆ ಉದ್ದ ರಸ್ತೆ ಕೊಟ್ಟರೆ 88 ದಾಟುತ್ತದೆ.

ಇನ್ನು 'ಗುರುತು ಸಿಗದ ಹಾಗೆ ಮಾಮೂಲಿ ಕಾರನ್ನೇ ಆರಿಸಿದ್ರಾ' ಅಂತಲೂ ಕೇಳಿದ್ದೀರಿ. ನನಗೇನೋ ಅದು ಉಲ್ಟಾ ಅನ್ಸುತ್ತೆ. ಬೆಲ್‌ಫಾಸ್ಟ್ ಹತ್ತಿರದ ಕಾರ್ಖಾನೆಯಲ್ಲಿ ತಯಾರಾದ ಆ ಕಾರಿಗೆ ಬಣ್ಣವೇ ಇಲ್ಲ, ನಮ್ಮ ಅಡುಗೆಮನೆ ಪಾತ್ರೆ ಥರ ಬರೀ ಸ್ಟೀಲು, ಬಾಗಿಲು ರೆಕ್ಕೆ ಹಾಗೆ ಮೇಲಕ್ಕೆ ತೆರೆಯುತ್ತದೆ. ಸಿನಿಮಾದಲ್ಲಿ ಆ ಕಾರು 1955ಕ್ಕೆ ಹೋಗಿ ಒಬ್ಬ ರೈತನ ಕೊಟ್ಟಿಗೆಗೆ ನುಗ್ಗಿದಾಗ ಅವನ ಮನೆಯವರು ಬೇರೆ ಗ್ರಹದ ವಿಮಾನ ಅಂದುಕೊಂಡು ಕಂಗಾಲಾಗುತ್ತಾರಲ್ಲ, ಆ ತಮಾಷೆಗೆ ಇಂಥ ಕಾರೇ ಬೇಕಿತ್ತು. ಮಾಮೂಲಿ ವಸ್ತು ಬೇಕಿದ್ದರೆ ಚಿತ್ರಕಥೆಯ ಮೊದಲಿನ ಕರಡಿನಲ್ಲಿ ಕಾಲಯಂತ್ರವಾಗಿ ಇತ್ತು: ಫ್ರಿಜ್! ಮಕ್ಕಳು ಅನುಕರಿಸಿ ಒಳಗೆ ಸಿಕ್ಕಿಕೊಂಡಾರು ಅಂತ ಕೈಬಿಟ್ಟರು.