ತಂತಿ ಬಿಗಿ ಮಾಡಿದ್ದಕ್ಕ ಹುಕ್ಕಾ ಕಿತ್ತು ಬಂತು!

ಪ್ರಶ್ನೆ: ಮಾಳಿಗಿ ಮ್ಯಾಲ ಬಟ್ಟಿ ಒಣಗ್ಸಾಕ ಹತ್ತು ಮೀಟರ್ ಹಸಿರು ಪ್ಲಾಸ್ಟಿಕ್ ಕೋಟಿಂಗ್ ತಂತಿ ಕಟ್ಟೀವ್ರಿ. ಮೇ ತಿಂಗಳದಾಗ ಜೋತು ಬಿತ್ತಂತ ಮಧ್ಯಾಹ್ನನಾ ಹೋಗಿ ಪಕ್ಕಡ ಹಾಕಿ ತಿರುವಿ ಟಣ್ ಅನ್ನಂಗ ಬಿಗಿ ಮಾಡಿದ್ವಿ, ಡಿಸೆಂಬರ್‌ನಾಗ ಒಂದಿನ ಮುಂಜಾನೆ ನೋಡಿದ್ರ ಗ್ವಾಡಿ ಪ್ಲಾಸ್ಟರ್ ಸಮೇತ ಹುಕ್ಕು ಕಿತ್ತು ಬಂದದ, ಪ್ಲಾಸ್ಟಿಕ್ಕೂ ಅಲ್ಲಲ್ಲಿ ಸೀಳ್ಯದ. ಡುಪ್ಲಿಕೇಟ್ ಮಾಲಾ?
— ಓದುಗರು, ಸಿಂಧನೂರು

ಉತ್ತರ: ಅಂಗಡ್ಯಾವನ್ನ ಸದ್ಯಕ್ಕ ಬಿಡ್ರಿ, ತಪ್ಪು ಆ ಮೇ ತಿಂಗಳ ಮಧ್ಯಾಹ್ನದ್ದು. ನಮ್ಮ ಮನ್ಯಾಗೂ ಹಿಂಗಾ ಆಗಿತ್ತು, ಮಣ್ಣಾಗ ಬಿದ್ದದ್ದು ನಮ್ಮವ್ವನ ಇಳಕಲ್ ಸೀರಿ, ಬೈಸಿಕೊಂಡದ್ದು ನಾನು.

ಒಂದು ಮೀಟರ್ ಉಕ್ಕಿನ ತಂತಿ ಒಂದು ಡಿಗ್ರಿ ಕಾದ್ರ 0.012 ಮಿಲಿಮೀಟರ್ ಉದ್ದ ಆಗ್ತದ. ಡಿಸೆಂಬರ್ ಮುಂಜಾನೆ 15 ಡಿಗ್ರಿ, ಮೇ ಬಿಸಲಾಗ ಕಾದ ತಂತಿ 55 ಅಂತ ಹಿಡೀರಿ, 40 ಡಿಗ್ರಿ ಫರಕು, ಹತ್ತು ಮೀಟರಿಗೆ ಬರೇ 5 ಮಿಲಿಮೀಟರ್. ಇಷ್ಟಾ ಅಂತೀರಿ, ಆದ್ರ ನೆಟ್ಟಗ ಎಳೆದ ತಂತಿಗೆ ಆ 5 ಮಿಲಿಮೀಟರ್ ಸೇರಿದ್ರ ನಡುವ ಹತ್ತತ್ರ 13 ಸೆಂಟಿಮೀಟರ್ ಜೋಲು ಬೀಳ್ತದ, ಅರ್ಧ ಗೇಣಿಗಿಂತ ಜಾಸ್ತಿ! ಅದನ್ನ ನೀವು ತಿರುವಿ ತೆಗೆದ್ರಿ. ಚಳಿ ಬಂದಾಗ ತಂತಿ ತನ್ನ 5 ಮಿಲಿಮೀಟರ್ ವಾಪಸ್ ಕೇಳ್ತದ, ಹುಕ್ಕು ಅಲಗಾಡಂಗಿಲ್ಲ ಅಂದ್ರ 2 ಮಿಲಿಮೀಟರ್ ದಪ್ಪದ ಒಳತಂತಿ ಸುಮಾರು 30 ಕೆಜಿ ಎಳೀತದ, ಒಂದು ಟವಲ್ ಸುದ್ದಾ ಹಾಕದೇನ. ಮ್ಯಾಲ ಒದ್ದಿ ಬಟ್ಟಿ ಬ್ಯಾರೆ. 10 ಕೆಜಿ ಒದ್ದಿ ಬಟ್ಟಿ ಉದ್ದಕ್ಕೂ ಹಾಕಿ ಜೋಲು 25 ಸೆಂಟಿಮೀಟರ್ ಇದ್ರ ಒಂದೊಂದು ಹುಕ್ಕಿಗೆ 50 ಕೆಜಿ ಎಳೆತ, ಜೋಲು ಅರ್ಧ ಆದ್ರ ಎಳೆತ ಡಬಲ್. ಶಕ್ತಿನಗರದ ಥರ್ಮಲ್ ಕರೆಂಟ್ ಸ್ಥಾವರದಿಂದ ಹೊಂಟ ದೊಡ್ಡ ಕರೆಂಟ್ ಲೈನ್ ನೋಡ್ರಿ, ಅವಕ್ಕ ಪ್ಲಾಸ್ಟಿಕ್ ಇಲ್ಲ ಆ ಮಾತು ಬ್ಯಾರೆ, ಆದ್ರ ಅಂಥಾ ಲೈನ್ ಎಳೆಯೋರು ಅವತ್ತಿನ ಟೆಂಪರೇಚರ್ ನೋಡೇ ಎಷ್ಟು ಜೋಲು ಬಿಡಬೇಕಂತ ಲೆಕ್ಕ ಹಾಕ್ತಾರ.

ಇನ್ನ ಸೀಳಿದ್ದು. ಆ ಹಸಿರು ಪ್ಲಾಸ್ಟಿಕ್ ಸಾಮಾನ್ಯವಾಗಿ ಪಿವಿಸಿ. ಪಿವಿಸಿ ಮೂಲದಾಗ ನೀರಿನ ಪೈಪಿನಂಗ ಗಟ್ಟಿ, ಬಾಗಲಿ ಅಂತ ಎಣ್ಣಿಯಂಥ ಪ್ಲಾಸ್ಟಿಸೈಸರ್ ಕಲಸಿರ್ತಾರ. ಬಿಸಲಿಗೆ ಅದು ವರ್ಷಾ ವರ್ಷಾ ಹೊರಗ ಹೋಗ್ತದ, ಬಿಸಲು ಪಿವಿಸಿನೂ ಕೆಡಸ್ತದ, ಕಡೀಗೆ ಉಳಿಯೋದು ಅದಾ ಗಟ್ಟಿ ಪೈಪು. ಚಳಿಗೆ ಇನ್ನೂ ಬಿರುಸು. ಮತ್ತ ಪಿವಿಸಿ ಉಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಕುಗ್ಗತದ, ಒಳಗಿನ ತಂತಿ ಕುಗ್ಗಾಕ ಬಿಡಂಗಿಲ್ಲ, ಸೀಳ್ತದ. ಪಕ್ಕಡದ ಹಲ್ಲಿನ ಗುರುತು ಬಿದ್ದ ಕಡೆ ನೋಡ್ರಿ, ಮೊದಲು ಅಲ್ಲೇ ಸೀಳಿರ್ತದ. ಆ ಸಂದಿನಾಗ ಮಳಿ ನೀರು ಇಳಿದು ತುಕ್ಕು ಹಿಡದ್ರ ತುಕ್ಕಿಗೆ ಜಾಗ ಜಾಸ್ತಿ ಬೇಕು, ಪ್ಲಾಸ್ಟಿಕ್ ಉಬ್ಬತದ. ಉಬ್ಬು ಕಂಡ್ರ ತಂತಿ ಬದಲು ಮಾಡ್ರಿ, ಒಳಗ ಸವೆದಿರ್ತದ.

ಹೊಸಾದು ತರೋವಾಗ ಕರೀ ಕೋಟಿಂಗ್ ಕೇಳ್ರಿ, ಅದ್ರಾಗ ಕಾರ್ಬನ್ ಕಪ್ಪು ಇದ್ರ ಬಿಸಲು ತಡ್ಕೊಂತದ. ಕಟ್ಟೋದು ಮುಂಜಾನೆ ತಂಪಿನಾಗ, ಸ್ವಲ್ಪ ಜೋಲು ಬಿಟ್ಟೇ. ಹಳೇ ಕರೆಂಟ್ ವೈರ್ ಮಾತ್ರ ಕಟ್ಟಬ್ಯಾಡ್ರಿ, ಮೆತ್ತಗಿನ ತಾಮ್ರ ಎಳದಂಗ ಎಳದು ನಿಲ್ತದ. ಸರ್ವಿಸ್ ವೈರ್ ಇರೋ ಕಂಬಕ್ಕಂತೂ ಬ್ಯಾಡೇ ಬ್ಯಾಡ.

ಪ್ರಶ್ನೆ: ಹೊಲದಾಗ ಪಂಪಿನ ವೈರ್ ಹೆಚ್ಚಾಗ್ಯದಂತ ಸಿಂಬಿ ಸುತ್ತಿ ಸ್ಟಾರ್ಟರ್ ಬಾಜೂಕ ಇಟ್ಟೀನಿ. ಮೋಟರ್ ನಡೆಯೋವಾಗ ಸಿಂಬಿ ಸುಡ್ತದ, ಯಾಕ?
— ಓದುಗರು, ಮಾನ್ವಿ

ಉತ್ತರ: ಕರೆಂಟ್ ಹರಿದ್ರ ವೈರ್ ಬಿಸಿ ಆಗೋದಾ, ಸಿಂಬಿಯೊಳಗಿನ ಸುತ್ತಿಗೆ ಆ ಬಿಸಿ ಬಿಡಾಕ ದಾರಿ ಇಲ್ಲ. ತಾಮ್ರ 10 ಡಿಗ್ರಿ ಕಾದ್ರ ಅದರ ರೆಸಿಸ್ಟೆನ್ಸ್, ಅಂದ್ರ ಕರೆಂಟಿಗೆ ಒಡ್ಡೋ ತಡೆ, 4 ಪರ್ಸೆಂಟ್ ಏರ್ತದ, ಮತ್ತ ಬಿಸಿ. ಸಾದಾ ಪಿವಿಸಿ ವೈರಿನ ತಾಮ್ರಕ್ಕ 70 ಡಿಗ್ರಿ ಮಿತಿ, ನಮ್ಮ ಕಡೆ ಗಾಳಿನಾ 42 ಮುಟ್ತದ. ಮೇನ್ ಆಫ್ ಮಾಡಿ ಸಿಂಬಿ ಬಿಚ್ಚಿ ನೆರಳಾಗ ಉದ್ದಕ ಹಾಸ್ರಿ, ಬ್ಯಾಡಾದಷ್ಟು ಕತ್ತರಿಸಿದ್ರ ಇನ್ನೂ ಚಲೋ. ಒಳಗಿನ ಸುತ್ತು ಒಂದಕ್ಕೊಂದು ಅಂಟಿದ್ರ ಅಷ್ಟು ತುಂಡು ಬಿಸಾಕ್ರಿ, ಟೇಪ್ ಸುತ್ತಿ ಮತ್ತ ನಡಸಬ್ಯಾಡ್ರಿ.