ಟೆಸ್ಟರ್‌ನಲ್ಲಿ ಎಂಟೂ ಲೈಟ್ ಬರುತ್ತೆ, ಆದರೂ ಲಿಂಕ್ ನಿಲ್ಲಲ್ಲ ಅಂದರೆ

ಸರ್, ಮನೆಯಿಂದ ಅಡಿಕೆ ಗೋದಾಮಿನ ಕ್ಯಾಮೆರಾಕ್ಕೆ 60 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದು, ಎರಡೂ ತುದಿಗೆ ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಕೂರಿಸಿದ್ದೇನೆ ಅಂದಿದ್ದೀರಿ. ಟೆಸ್ಟರ್‌ನಲ್ಲಿ 1ರಿಂದ 8 ಲೈಟ್ ಸರಿಯಾಗಿ ಬಂದರೂ ಚಿತ್ರ ನಿಂತು ನಿಂತು ಬರುತ್ತಿದೆ, ಅಂಗಡಿಯವರು ಕೇಬಲ್ ಬದಲಿಸಿ ಅಂದಿದ್ದಾರೆ. ಈಗಲೇ ಬದಲಿಸಬೇಡಿ. ಮೊದಲು ಸರಿಯಾಗಬೇಕಾದ್ದು ಬಣ್ಣದ ಕ್ರಮ.

ಎರಡು ತುದಿ ಒಂದೇ ತರ ಇದ್ದರೆ ಸಾಕು ಅನ್ನೋದು ತಪ್ಪು. 100 ಎಂಬಿಪಿಎಸ್ ವೇಗದ ಲಿಂಕ್‌ನಲ್ಲಿ ಪಿನ್ 1-2 ಒಂದು ಜೋಡಿ, 3-6 ಇನ್ನೊಂದು ಜೋಡಿ. ನಿಮ್ಮ ಕ್ರಮದಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ ಬಂದಿದೆ. ಎರಡೂ ಬೇರೆ ಬೇರೆ ಹುರಿಯ (ಒಟ್ಟಿಗೆ ಹೊಸೆದ ಜೋಡಿಯ) ತಂತಿಗಳು. ಒಂದೇ ಹುರಿಯಲ್ಲಿದ್ದರೆ ಮಾತ್ರ ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ ರದ್ದಾಗುತ್ತೆ. ಹೀಗೆ ಒಡೆದ ಜೋಡಿಯಲ್ಲಿ ಪಕ್ಕದ ಸಿಗ್ನಲ್ ಸೋರಿ ಒಳಗೆ ಬರುತ್ತೆ. ಎರಡು ಮೀಟರ್ ತುಂಡಿನಲ್ಲಿ ಇದು ಗೊತ್ತೇ ಆಗದಿರಬಹುದು. 60 ಮೀಟರ್ ದಾಟಿ ಬರುವಷ್ಟರಲ್ಲಿ ನಿಜವಾದ ಸಿಗ್ನಲ್ ಸಣ್ಣದಾಗಿರುತ್ತೆ, ಸೋರಿದ್ದೇ ಮೇಲುಗೈ ಆಗುತ್ತೆ. ಲೈಟಿನ ಟೆಸ್ಟರ್ ತಂತಿ ತುಂಡಾಗಿಲ್ಲ ಅಂತ ಹೇಳುತ್ತೆ ಅಷ್ಟೇ, ಯಾವುದು ಯಾವುದರ ಜೊತೆ ಹೊಸೆದಿದೆ ಅಂತ ಅದಕ್ಕೆ ಕಾಣಲ್ಲ.

ಎರಡೂ ತುದಿ ಕತ್ತರಿಸಿ ಟಿ568ಬಿ ಅನ್ನೋ ನಿಗದಿತ ಬಣ್ಣದ ಕ್ರಮದಲ್ಲಿ ಮತ್ತೆ ಕ್ರಿಂಪ್ ಮಾಡಿ (ಕನೆಕ್ಟರ್ ಒತ್ತಿ ಕೂರಿಸಿ). ಕನೆಕ್ಟರ್‌ನ ಕ್ಲಿಪ್ ಕೆಳಗೆ, ಚಿನ್ನದ ಪಿನ್ ಮೇಲೆ, ಕೇಬಲ್ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡೂ ಪಕ್ಕಕ್ಕೆ ಕೂರುತ್ತೆ, ಇದೇ ಮುಖ್ಯ.

ಅಗ್ಗದ ಕೇಬಲ್‌ನಲ್ಲಿ ಬಿಳಿ ತಂತಿಗಳ ಗೆರೆ ಅಳಿಸಿದಂತೆ ಇರುತ್ತೆ. ನಾಲ್ಕೂ ಜೋಡಿ ಒಟ್ಟಿಗೆ ಬಿಚ್ಚಿದರೆ ಯಾವ ಬಿಳಿ ಯಾರದ್ದು ಅಂತ ತಿಳಿಯಲ್ಲ, ಒಂದೊಂದೇ ಬಿಚ್ಚಿ. ಹೊರ ಸಿಪ್ಪೆ 3 ಸೆಂ.ಮೀ. ತೆಗೆದು, ತಂತಿ ನೇರ ಮಾಡಿ, ಸುಮಾರು 13 ಮಿ.ಮೀ. ಉಳಿಸಿ ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಅದಕ್ಕಿಂತ ಉದ್ದ ಹುರಿ ಬಿಚ್ಚಿದರೆ ಅಲ್ಲೂ ಸೋರಿಕೆಯೇ. ಕ್ರಿಂಪ್ ಒತ್ತುವ ಮೊದಲು ಕನೆಕ್ಟರ್‌ನ ಮುಂದಿನ ಮುಖ ನೋಡಿ, ಎಂಟು ತಾಮ್ರದ ಚುಕ್ಕೆ ಕಾಣಬೇಕು. ಸಿಪ್ಪೆ ಕನೆಕ್ಟರ್ ಒಳಗಿನ ಹಿಡಿತದ ಕೆಳಗೆ ಬಂದಿರಲಿ, ಇಲ್ಲವಾದರೆ ಎಳೆತವೆಲ್ಲ ತಂತಿಗಳ ಮೇಲೆ ಬೀಳುತ್ತೆ. ಕ್ಯಾಟ್6ರ ತಂತಿ ದಪ್ಪ, ಕ್ಯಾಟ್5ಇ ಕನೆಕ್ಟರ್‌ಗೆ ಸರಿಯಾಗಿ ಹೋಗಲ್ಲ, ಕ್ಯಾಟ್6ರದ್ದೇ ಕೇಳಿ ತನ್ನಿ.

ಕತ್ತರಿಸಿದ ತುಂಡಿನ ಒಂದು ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಬಂದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಆಗ ಮಾತ್ರ ಕೇಬಲ್ ಬದಲಿಸುವ ಮಾತು ನ್ಯಾಯ: ಇದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಕರೆಂಟ್ (ಪಿಒಇ) ಕೊಡುವಾಗ ವೋಲ್ಟೇಜ್ ಹೆಚ್ಚು ಬೀಳುತ್ತೆ, ಬಗ್ಗಿಸಿದಲ್ಲಿ ಬೇಗ ಮುರಿಯುತ್ತೆ. ಪಂಪಿನ ವೈರ್ ಹೋಗುವ ಪೈಪಿನಲ್ಲೇ ಇದನ್ನೂ ಹಾಕಿದ್ದರೆ ಬೇರೆ ಪೈಪಿಗೆ ತನ್ನಿ. ಸಿಡಿಲು ಜೋರಿರುವ ಊರಾದರೆ ಎರಡು ಕಟ್ಟಡಗಳ ನಡುವೆ ಫೈಬರ್ ಹಾಕುವುದೇ ನನ್ನ ಸಲಹೆ, ತಾಮ್ರದ ತಂತಿ ಎರಡೂ ಕಡೆಯ ಉಪಕರಣ ಸುಟ್ಟೀತು.

ಕೆಲಸ ಮುಗಿದ ಮೇಲೆ ಕ್ಯಾಮೆರಾದಿಂದ ಅಳೆಯಬೇಡಿ, ಬಹಳಷ್ಟು ಕ್ಯಾಮೆರಾಗಳ ಪೋರ್ಟೇ 100 ಎಂಬಿಪಿಎಸ್. ಗಿಗಾಬಿಟ್ (1 ಜಿಬಿಪಿಎಸ್) ಪೋರ್ಟಿನ ಲ್ಯಾಪ್‌ಟಾಪ್ ಸಿಕ್ಕಿಸಿ ಲಿಂಕ್ ಸ್ಪೀಡ್ ನೋಡಿ. ಇನ್ನೊಂದು ತುದಿಯ ಪೋರ್ಟೂ ಗಿಗಾಬಿಟ್ ಇದ್ದರೆ 1 ಜಿಬಿಪಿಎಸ್ ತೋರಿಸಬೇಕು, ಯಾಕೆಂದರೆ ಅದಕ್ಕೆ ನಾಲ್ಕೂ ಜೋಡಿ ಬೇಕು.